ಆಂಜಿಯೋಟೆನ್ಸಿನ್ ಪರಿವರ್ತಕ ಕಿಣ್ವದ ರಚನೆ ಮತ್ತು ಅದರ ಆಯ್ಕೆಯ ಪ್ರತಿಬಂಧ: ಒಂದು ಐತಿಹಾಸಿಕ ಸಮೀಕ್ಷೆ

ರಕ್ತದ ಒತ್ತಡವನ್ನು ಇಳಿಸಲು ಇಂದು ಲೋಕದ ಎಲ್ಲ ಕಡೆಗಳಲ್ಲಿಯೂ ಬಳಕೆಯಾಗುತ್ತಿರುವ ಔಷಧಗಳಲ್ಲಿ ಎನಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಮೊದಲಾದವು ಒಂದೇ ಕುಲಕ್ಕೆ ಸೇರಿದವು. ಈ ಕುಲದ ಮೂಲಪುರುಷನೆನ್ನಬಹುದಾದದ್ದು ಕ್ಯಾಪ್ಟೊಪ್ರಿಲ್. ಇವೆಲ್ಲವೂ ಮಾನವ ದೇಹದಲ್ಲಿರುವ ಒಂದೇ ಕಿಣ್ವವನ್ನು ತಡೆಹಿಡಿದು ತಮ್ಮ ಕಾರ್ಯವನ್ನು ಸಾಧಿಸುತ್ತವೆ. ಆ ಕಿಣ್ವಕ್ಕೆ ಆಂಜಿಯೋಟೆನ್ಸಿನ್ ಪರಿವರ್ತಕ ಕಿಣ್ವವೆಂದು ಹೆಸರು. ಔಷಧಗಳ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವ ಬರಹಗಳಲ್ಲಿ ಕ್ಯಾಪ್ಟೊಪ್ರಿಲ್ಲನ್ನು ಕುರಿತು ಒಂದು ಮಾತು ಮತ್ತೆ ಮತ್ತೆ ಕಾಣಬರುತ್ತದೆ. ಕಿಣ್ವದ ರಚನೆಯನ್ನು ಆಧಾರವಾಗಿಟ್ಟುಕೊಂಡು ಬುದ್ಧಿಪೂರ್ವಕವಾಗಿ ಕಟ್ಟಿದ ಮೊದಲ ಔಷಧಗಳಲ್ಲಿ ಅದು ಒಂದು ಎಂಬುದೇ ಆ ಮಾತು.

ಈ ಹೇಳಿಕೆಯನ್ನು ಕಾಲಾನುಕ್ರಮದ ಒರೆಗಲ್ಲಿಗೆ ಹಚ್ಚಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕ್ಯಾಪ್ಟೊಪ್ರಿಲ್ ತಯಾರಾದದ್ದು ೧೯೭೫ರಲ್ಲಿ. ಪರಿವರ್ತಕ ಕಿಣ್ವವು ಎರಡು ಖಂಡಗಳಿಂದ ಕೂಡಿದೆಯೆಂಬುದು ಪ್ರಕಟವಾದದ್ದು ೧೯೮೮ರಲ್ಲಿ. ಅದರ ಒಂದು ಖಂಡದ ರಚನೆ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ೨೦೦೩ರಲ್ಲಿ. ಹಾಗಾದರೆ ೧೯೭೫ರಲ್ಲಿ ಆಧಾರವಾಗಿದ್ದುದು ಯಾವುದರ ರಚನೆ? ಆ ಆಧಾರದಿಂದ ಏನು ಲಭಿಸಿತು, ಏನು ಮರೆಯಾಗಿ ಉಳಿಯಿತು? ಈ ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ರಸಾಯನವಿಜ್ಞಾನ ಈ ಲೇಖಕನ ಕ್ಷೇತ್ರವಲ್ಲ. ಆದರೆ ಯಾವುದು ಮೊದಲು ತಿಳಿಯಿತು, ಯಾವುದು ಅನಂತರ ತಿಳಿಯಿತು, ಮೊದಲು ತಿಳಿದದ್ದು ಅನಂತರದ ತಿಳಿವಳಿಕೆಯನ್ನು ಹೇಗೆ ರೂಪಿಸಿತು ಎಂಬ ವಿಚಾರಣೆ ಇತಿಹಾಸಕ್ಕೆ ಸೇರಿದ್ದು.

೧. ಕಿಣ್ವದ ಕಾರ್ಯ

ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳನ್ನು ಮಣಿಗಳಂತೆ ಪೋಣಿಸಿದ ಸರಗಳು. ಸರ ಚಿಕ್ಕದಾಗಿದ್ದರೆ ಅದನ್ನು ಪೆಪ್ಟೈಡ್ ಎನ್ನುತ್ತಾರೆ. ದೇಹವು ಅನೇಕ ಪ್ರೋಟೀನುಗಳನ್ನು ಮೊದಲು ನಿಷ್ಕ್ರಿಯ ರೂಪದಲ್ಲಿ ತಯಾರಿಸಿ, ಬೇಕಾದಾಗ ಬೇಕಾದ ಸ್ಥಳದಲ್ಲಿ ಕತ್ತರಿಸಿ, ಕಾರ್ಯಕಾರಿಗಳನ್ನಾಗಿ ಮಾಡಿಕೊಳ್ಳುತ್ತದೆ. ಈ ಕತ್ತರಿಸುವ ಕೆಲಸಕ್ಕೆ ನಿಯುಕ್ತವಾದ ಕಿಣ್ವಗಳ ಗುಂಪಿಗೆ ನಮ್ಮ ಪರಿವರ್ತಕ ಕಿಣ್ವವೂ ಸೇರಿದೆ.

ಅದರ ಕಥೆಯ ಮೊದಲ ಅಧ್ಯಾಯ ಮೂತ್ರಪಿಂಡದಲ್ಲಿ ಆರಂಭವಾಗುತ್ತದೆ. ೧೮೯೮ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಎಂಬವರು ಮೊಲದ ಮೂತ್ರಪಿಂಡದ ಸಾರವನ್ನು ರಕ್ತಕ್ಕೆ ಸೇರಿಸಿದರೆ ರಕ್ತದ ಒತ್ತಡ ಏರುವುದನ್ನು ಕಂಡು, ಅದರಲ್ಲಿರುವ ದ್ರವ್ಯಕ್ಕೆ ರೆನಿನ್ ಎಂದು ಹೆಸರಿಟ್ಟರು. ಮುಂದೆ ಸುಮಾರು ನಾಲ್ಕು ದಶಕಗಳು ಕಳೆದ ಮೇಲೆ, ಆರ್ಜೆಂಟೀನದ ಬ್ಯೂನಸ್ ಐರಿಸ್ಸಿನಲ್ಲಿ ಬ್ರೌನ್ ಮೆನೆಂಡೆಸ್ ಮತ್ತು ಸಂಗಡಿಗರೂ ಅಮೆರಿಕದ ಇಂಡಿಯಾನಾಪೊಲಿಸ್ಸಿನಲ್ಲಿ ಪೇಜ್ ಮತ್ತು ಸಂಗಡಿಗರೂ ಪರಸ್ಪರ ಅರಿವಿಲ್ಲದೆ ಒಂದೇ ನಿರ್ಣಯಕ್ಕೆ ಬಂದರು. ರೆನಿನ್ ತಾನಾಗಿ ಒತ್ತಡವನ್ನು ಏರಿಸುವುದಿಲ್ಲ. ಅದು ರಕ್ತದಲ್ಲಿರುವ ಒಂದು ಪ್ರೋಟೀನನ್ನು ಕತ್ತರಿಸಿ ಹೊಸದೊಂದು ಪೆಪ್ಟೈಡನ್ನು ಹುಟ್ಟಿಸುತ್ತದೆ. ಒಂದು ಗುಂಪು ಇದಕ್ಕೆ ಹೈಪರ್‌ಟೆನ್ಸಿನ್ ಎಂದಿತು, ಇನ್ನೊಂದು ಆಂಜಿಯೋಟೊನಿನ್ ಎಂದಿತು. ೧೯೫೮ರಲ್ಲಿ ಎರಡು ಹೆಸರುಗಳನ್ನೂ ಅರ್ಧರ್ಧ ಕೂಡಿಸಿ ಆಂಜಿಯೋಟೆನ್ಸಿನ್ ಎಂಬ ಒಪ್ಪಂದದ ಹೆಸರನ್ನು ಅಂಗೀಕರಿಸಲಾಯಿತು.

ಈ ನಡುವೆ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಲೆನರ್ಡ್ ಸ್ಕೆಗ್ಸ್ ಮತ್ತು ಅವರ ಸಹೋದ್ಯೋಗಿಗಳು ಆಂಜಿಯೋಟೆನ್ಸಿನ್ನಿಗೆ ಎರಡು ರೂಪಗಳಿವೆಯೆಂದು ತೋರಿಸಿದ್ದರು. ಮೊದಲ ರೂಪದಲ್ಲಿ ೧೦ ಅಮೈನೋ ಆಮ್ಲಗಳಿವೆ. ಇದು ಬಹುಮಟ್ಟಿಗೆ ನಿಷ್ಕ್ರಿಯ. ಅದರ ಕೊನೆಯ ಎರಡು ಆಮ್ಲಗಳು ಕಳಚಿದಾಗ ೮ ಆಮ್ಲಗಳ ಎರಡನೆಯ ರೂಪ ದೊರೆಯುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಶಕ್ತಿ ಇದಕ್ಕೆ ಸೇರಿದ್ದು. ಈ ಕಳಚುವಿಕೆಯನ್ನು ನಡೆಸುವ ಕಿಣ್ವವನ್ನು ಅವರು ೧೯೫೬ರಲ್ಲಿ ಕುದುರೆಯ ರಕ್ತದಲ್ಲಿ ಗುರುತಿಸಿದರು. ಕ್ಲೋರೈಡ್ ಇಲ್ಲದಿದ್ದರೆ ಈ ಪರಿವರ್ತನೆ ನಡೆಯದೆಂಬುದನ್ನೂ ಅವರೇ ಗಮನಿಸಿದರು. ಈ ಸಣ್ಣ ವಿವರ ಮುಂದೆ ನಮಗೆ ಬೇಕಾಗುತ್ತದೆ.

೨. ಹಾವಿನ ವಿಷದಿಂದ ದೊರೆತ ಸುಳಿವು

ಎರಡನೆಯ ಅಧ್ಯಾಯದ ರಂಗಸ್ಥಳ ಬ್ರೆಜಿಲ್. ಅಲ್ಲಿನ ಕಾಡುಗಳಲ್ಲಿ ಜರರಾಕ ಎಂಬ ವಿಷಸರ್ಪವಿದೆ. ೧೯೪೯ರಲ್ಲಿ ಸಾವೊ ಪೌಲೊ ನಗರದಲ್ಲಿ ರೋಷಾ ಇ ಸಿಲ್ವ, ಬೆರಾಲ್ಡೊ ಮತ್ತು ರೋಸೆನ್‌ಫೆಲ್ಡ್ ಎಂಬವರು ಈ ಹಾವಿನ ವಿಷವನ್ನು ನಾಯಿಯ ರಕ್ತರಸಕ್ಕೆ ಬೆರೆಸಿದಾಗ ಹೊಸದೊಂದು ದ್ರವ್ಯ ಉತ್ಪನ್ನವಾಗುವುದನ್ನು ಕಂಡರು. ಅದು ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ತಗ್ಗಿಸುತ್ತದೆ. ಕರುಳಿನ ಸ್ನಾಯುವನ್ನು ನಿಧಾನವಾಗಿ ಸಂಕೋಚಗೊಳಿಸುತ್ತದೆ. ಈ ನಿಧಾನಗತಿಯಿಂದಲೇ ಅದಕ್ಕೆ ಬ್ರಾಡಿಕೈನಿನ್ ಎಂಬ ಗ್ರೀಕ್ ಮೂಲದ ಹೆಸರು ಬಂದಿತು. ಅದು ೯ ಅಮೈನೋ ಆಮ್ಲಗಳ ಪೆಪ್ಟೈಡ್. ದೇಹದಲ್ಲಿ ಅದರ ಆಯುಸ್ಸು ಅತ್ಯಲ್ಪ. ಹುಟ್ಟಿದ ಸ್ವಲ್ಪ ಹೊತ್ತಿಗೇ ಕಿಣ್ವಗಳು ಅದನ್ನು ಕತ್ತರಿಸಿಹಾಕುತ್ತವೆ.

ರೋಷಾ ಇ ಸಿಲ್ವರ ಶಿಷ್ಯರಾದ ಸೆರ್ಜಿಯೊ ಫೆರೈರ ಅವರು ೧೯೬೫ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಅದೇ ವಿಷದಲ್ಲಿ ಬ್ರಾಡಿಕೈನಿನ್ನಿನ ಪ್ರಭಾವವನ್ನು ಹೆಚ್ಚಿಸುವ ಅಂಶವೂ ಇತ್ತು. ಅಂದರೆ ಅದನ್ನು ಕತ್ತರಿಸುವ ಕಿಣ್ವವನ್ನು ವಿಷದ ಈ ಅಂಶ ತಡೆಯುತ್ತಿತ್ತು. ಫೆರೈರ ಈ ದ್ರವ್ಯವನ್ನು ಲಂಡನ್ನಿನಲ್ಲಿ ಜಾನ್ ವೇನ್ ಅವರ ಪ್ರಯೋಗಶಾಲೆಗೆ ಕೊಂಡೊಯ್ದರು. ಅಲ್ಲಿ ಆಂಜಿಯೋಟೆನ್ಸಿನ್ನಿನ ಪರಿವರ್ತನೆ ಮುಖ್ಯವಾಗಿ ಶ್ವಾಸಕೋಶದಲ್ಲಿ ನಡೆಯುವುದೆಂಬ ವಿಚಾರ ಆಗ ರೂಪುಗೊಳ್ಳುತ್ತಿತ್ತು. ೧೯೬೮ರಲ್ಲಿ ಅದೇ ಪ್ರಯೋಗಶಾಲೆಯ ಬಾಖ್ಲೆ ಅವರು ಹಾವಿನ ವಿಷದ ಅಂಶ ಪರಿವರ್ತಕ ಕಿಣ್ವವನ್ನೂ ತಡೆಯುವುದೆಂದು ತೋರಿಸಿದರು. ಅನಂತರ ೧೯೭೦ರ ಸುಮಾರಿಗೆ ಎರ್ಡೋಸ್ ಮತ್ತು ಸಂಗಡಿಗರ ಪ್ರಯೋಗಗಳಿಂದ, ಬ್ರಾಡಿಕೈನಿನ್ನನ್ನು ನಾಶಗೊಳಿಸುವ ಕಿಣ್ವವೂ ಆಂಜಿಯೋಟೆನ್ಸಿನ್ನನ್ನು ಪರಿವರ್ತಿಸುವ ಕಿಣ್ವವೂ ಒಂದೇ ಎಂಬುದು ಸ್ಥಿರಪಟ್ಟಿತು.

ಈ ಏಕತೆಯ ಅರ್ಥವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದೇ ಕಿಣ್ವ ಒತ್ತಡವನ್ನು ಏರಿಸುವ ದ್ರವ್ಯವನ್ನು ಹುಟ್ಟಿಸುತ್ತದೆ, ಒತ್ತಡವನ್ನು ಇಳಿಸುವ ದ್ರವ್ಯವನ್ನು ಕೊಲ್ಲುತ್ತದೆ. ಅದನ್ನು ತಡೆದರೆ ಎರಡು ಕಡೆಯಿಂದಲೂ ಒತ್ತಡ ಇಳಿಯುವುದು ಸಹಜ. ಆದರೆ ಬ್ರಾಡಿಕೈನಿನ್ ಒತ್ತಡವನ್ನು ಇಳಿಸಿ ಸುಮ್ಮನಿರುವ ದ್ರವ್ಯವಲ್ಲ. ಅದು ಮಿತಿಮೀರಿ ಸಂಚಯವಾದರೆ ಊತ, ಉರಿ, ಕೆಮ್ಮುಗಳಿಗೂ ಕಾರಣವಾಗುತ್ತದೆ.

೩. ಇನ್ನೊಂದು ಕಿಣ್ವದ ಮಾದರಿಯಿಂದ ಕಟ್ಟಿದ ಔಷಧ

ಅಮೆರಿಕದ ನ್ಯೂ ಜೆರ್ಸಿಯಲ್ಲಿದ್ದ ಸ್ಕ್ವಿಬ್ ಸಂಸ್ಥೆಯಲ್ಲಿ ಮಿಗೆಲ್ ಒಂಡೆಟ್ಟಿ ಮತ್ತು ಡೇವಿಡ್ ಕುಶ್‌ಮನ್ ಎಂಬ ವಿಜ್ಞಾನಿಗಳು ಜರರಾಕದ ವಿಷದಿಂದ ೯ ಅಮೈನೋ ಆಮ್ಲಗಳ ಒಂದು ಪೆಪ್ಟೈಡನ್ನು ಬೇರ್ಪಡಿಸಿ ಕೃತಕವಾಗಿಯೂ ತಯಾರಿಸಿದರು. ಟೆಪ್ರೊಟೈಡ್ ಎಂದು ಹೆಸರಾದ ಇದು ರೋಗಿಗಳ ರಕ್ತದ ಒತ್ತಡವನ್ನು ಇಳಿಸಿತು. ಆದರೆ ಇದನ್ನು ಸೂಜಿಯ ಮೂಲಕವೇ ಕೊಡಬೇಕಾಗಿತ್ತು. ನುಂಗಿದರೆ ಜಠರದಲ್ಲಿ ಜೀರ್ಣವಾಗಿಹೋಗುತ್ತಿತ್ತು. ನುಂಗಲು ಬರುವಂತಹ ಚಿಕ್ಕ ಅಣು ಬೇಕಾಗಿತ್ತು. ಅದನ್ನು ಕಟ್ಟಬೇಕಾದರೆ ಕಿಣ್ವದ ಕ್ರಿಯಾಸ್ಥಾನ, ಎಂದರೆ ಕತ್ತರಿಸುವ ಕೆಲಸ ನಡೆಯುವ ಒಳಜಾಗ, ಹೇಗಿದೆಯೆಂದು ತಿಳಿದಿರಬೇಕಾಗಿತ್ತು. ಅದಾದರೋ ಯಾರಿಗೂ ತಿಳಿದಿರಲಿಲ್ಲ.

ತಿಳಿದಿದ್ದುದು ಬೇರೊಂದು ಕಿಣ್ವದ ರಚನೆ. ಹಸುವಿನ ಮೇದೋಜೀರಕ ಗ್ರಂಥಿಯಲ್ಲಿರುವ ಕಾರ್ಬಾಕ್ಸಿಪೆಪ್ಟಿಡೇಸ್ ಎ ಎಂಬ ಕಿಣ್ವದ ರಚನೆಯನ್ನು ವಿಲಿಯಂ ಲಿಪ್ಸ್‌ಕಂಬ್ ಮತ್ತು ಸಂಗಡಿಗರು ೧೯೬೦ರ ದಶಕದಲ್ಲಿ ಕ್ಷ-ಕಿರಣಗಳ ನೆರವಿನಿಂದ ಬಿಡಿಸಿದ್ದರು. ಅದರ ಕ್ರಿಯಾಸ್ಥಾನದಲ್ಲಿ ಒಂದು ಸತುವಿನ ಅಯಾನು ಇದೆ. ಪರಿವರ್ತಕ ಕಿಣ್ವಕ್ಕೂ ಸತು ಬೇಕು. ಎರಡೂ ಪೆಪ್ಟೈಡಿನ ಒಂದೇ ತುದಿಯಿಂದ ಕತ್ತರಿಸುತ್ತವೆ. ಹಸುವಿನ ಕಿಣ್ವ ಒಂದು ಅಮೈನೋ ಆಮ್ಲವನ್ನು ತೆಗೆಯುತ್ತದೆ, ಪರಿವರ್ತಕ ಕಿಣ್ವ ಎರಡನ್ನು ತೆಗೆಯುತ್ತದೆ. ೧೯೭೩ರಲ್ಲಿ ಬೈಯರ್ಸ್ ಮತ್ತು ವೋಲ್ಫೆಂಡನ್ ಎಂಬವರು ಬೆಂಜೈಲ್ ಸಕ್ಸಿನಿಕ್ ಆಮ್ಲವು ಹಸುವಿನ ಕಿಣ್ವವನ್ನು ಬಲವಾಗಿ ತಡೆಯುವುದೆಂದು ಪ್ರಕಟಿಸಿದರು. ಮರುವರ್ಷ ಈ ಪ್ರಬಂಧವನ್ನು ಓದಿದ ಕುಶ್‌ಮನ್ ಮತ್ತು ಒಂಡೆಟ್ಟಿ ಹೀಗೆ ತರ್ಕಿಸಿದರು: ಪರಿವರ್ತಕ ಕಿಣ್ವದಲ್ಲಿಯೂ ಏರ್ಪಾಡು ಇದೇ ಬಗೆಯದಾಗಿದ್ದು, ಸತುವಿನಿಂದ ತುದಿಯವರೆಗಿನ ಅಂತರ ಮಾತ್ರ ಒಂದು ಅಮೈನೋ ಆಮ್ಲದಷ್ಟು ಹೆಚ್ಚಾಗಿರಬೇಕು. ವಿಷದ ಪೆಪ್ಟೈಡುಗಳು ಪ್ರೊಲೀನಿನಲ್ಲಿ ಕೊನೆಗೊಳ್ಳುತ್ತಿದ್ದುದರಿಂದ ಅವರು ಪ್ರೊಲೀನನ್ನೇ ತುದಿಯಲ್ಲಿಟ್ಟು ಸಕ್ಸಿನೈಲ್ ಪ್ರೊಲೀನ್ ತಯಾರಿಸಿದರು. ಅದರ ಶಕ್ತಿ ಸ್ವಲ್ಪವಾಗಿದ್ದರೂ ಗುರಿ ಸರಿಯಾಗಿತ್ತು. ಸತುವನ್ನು ಹಿಡಿಯುವ ಕಡೆ ಗಂಧಕವುಳ್ಳ ಗುಂಪನ್ನಿಟ್ಟಾಗ ಶಕ್ತಿ ನೂರಾರು ಪಟ್ಟು ಹೆಚ್ಚಿತು. ಹೀಗೆ ಹುಟ್ಟಿದ ಕ್ಯಾಪ್ಟೊಪ್ರಿಲ್‌ಗೆ ೧೯೮೧ರಲ್ಲಿ ಅಮೆರಿಕದಲ್ಲಿ ಬಳಕೆಯ ಅನುಮತಿ ದೊರೆಯಿತು.

ಶಾಸನಗಳನ್ನು ಓದುವವರಿಗೆ ಈ ವಿಧಾನ ಅಪರಿಚಿತವಲ್ಲ. ಒಂದು ಶಾಸನದ ಕೆಲವು ಸಾಲುಗಳು ತ್ರುಟಿತವಾಗಿದ್ದರೆ, ಅದೇ ರಾಜವಂಶದ ಬೇರೊಂದು ಶಾಸನದ ಪಾಠದಿಂದ ಅವನ್ನು ತುಂಬುವುದುಂಟು. ಬಿರುದಾವಳಿ, ಶಾಪಾಶಯ ಮೊದಲಾದ ಸಾಂಪ್ರದಾಯಿಕ ಭಾಗಗಳಿಗೆ ಈ ಕ್ರಮ ಚೆನ್ನಾಗಿ ಒದಗುತ್ತದೆ. ದತ್ತಿಯನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ ಎಂಬ ವಿಶಿಷ್ಟ ಭಾಗಗಳಿಗೆ ಅದು ಒದಗುವುದಿಲ್ಲ. ಕ್ಯಾಪ್ಟೊಪ್ರಿಲ್ ವಿಷಯದಲ್ಲಿಯೂ ಹಾಗೆಯೇ ಆಯಿತು. ಸತು ಮತ್ತು ತುದಿಯ ಹಿಡಿತ ಎರಡು ಕಿಣ್ವಗಳಿಗೂ ಸಾಮಾನ್ಯವಾಗಿದ್ದುದರಿಂದ ಅನುಮಾನ ಫಲಿಸಿತು. ಪರಿವರ್ತಕ ಕಿಣ್ವಕ್ಕೆ ಮಾತ್ರ ವಿಶಿಷ್ಟವಾದದ್ದನ್ನು ಹಸುವಿನ ಕಿಣ್ವದ ಮಾದರಿ ಹೇಳಬಲ್ಲದ್ದಾಗಿರಲಿಲ್ಲ.

೪. ಒಂದು ಸರ, ಎರಡು ಖಂಡಗಳು

ಆ ವಿಶಿಷ್ಟ ಸಂಗತಿ ಹೊರಬಿದ್ದದ್ದು ೧೯೮೮ರಲ್ಲಿ. ಪ್ಯಾರಿಸ್ಸಿನ ಸುಬ್ರಿಯೆ, ಕೊರ್ವೊಲ್ ಮತ್ತು ಸಂಗಡಿಗರು ಮಾನವ ಕಿಣ್ವದ ಅಮೈನೋ ಆಮ್ಲಗಳ ಅನುಕ್ರಮವನ್ನು ವಂಶವಾಹಿಯ ಮೂಲಕ ಓದಿದರು. ೧೩೦೬ ಆಮ್ಲಗಳ ಆ ದೀರ್ಘ ಸರದಲ್ಲಿ ಪರಸ್ಪರ ಹೋಲುವ ಎರಡು ಭಾಗಗಳಿದ್ದವು. ಪ್ರಾಚೀನ ಕಾಲದಲ್ಲಿ ಒಂದು ವಂಶವಾಹಿ ಇಮ್ಮಡಿಯಾದದ್ದರ ಗುರುತು ಇದು. ಸರದ ಆದಿಯಲ್ಲಿರುವುದನ್ನು ಎನ್-ಖಂಡವೆಂದೂ ಅಂತ್ಯದಲ್ಲಿರುವುದನ್ನು ಸಿ-ಖಂಡವೆಂದೂ ವಿಜ್ಞಾನಿಗಳು ಕರೆಯುತ್ತಾರೆ. ಇಲ್ಲಿ ಅವನ್ನು ಆದಿಖಂಡ, ಅಂತ್ಯಖಂಡ ಎಂದು ಕರೆಯೋಣ. ಇವೆರಡರ ಅನುಕ್ರಮಗಳಲ್ಲಿ ೧೦೦ಕ್ಕೆ ಸುಮಾರು ೬೦ ಪಾಲು ಸಮಾನತೆಯಿದೆ. ಕ್ರಿಯಾಸ್ಥಾನದ ಸುತ್ತ ಈ ಸಮಾನತೆ ಇನ್ನೂ ಹೆಚ್ಚು. ಎರಡು ಖಂಡಗಳೂ ಸ್ವತಂತ್ರವಾಗಿ ಕತ್ತರಿಸಬಲ್ಲವೆಂದು ೧೯೯೧ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ವೃಷಣಗಳಲ್ಲಿ ದೊರೆಯುವ ಕಿಣ್ವದ ಚಿಕ್ಕ ರೂಪದಲ್ಲಿ ಅಂತ್ಯಖಂಡ ಮಾತ್ರ ಇರುವುದೂ ಈ ಅವಧಿಯಲ್ಲಿಯೇ ತಿಳಿದುಬಂದಿತು.

ಈ ಚಿಕ್ಕ ರೂಪವೇ ಮುಂದಿನ ಹೆಜ್ಜೆಗೆ ದಾರಿಯಾಯಿತು. ಪ್ರೋಟೀನಿನ ರಚನೆಯನ್ನು ಕ್ಷ-ಕಿರಣಗಳಿಂದ ಅರಿಯಬೇಕಾದರೆ ಮೊದಲು ಅದನ್ನು ಹರಳುಗಟ್ಟಿಸಬೇಕು. ಪರಿವರ್ತಕ ಕಿಣ್ವದ ಮೈಮೇಲೆ ಸಕ್ಕರೆಯ ಸರಪಳಿಗಳು ಹೇರಳವಾಗಿರುವುದರಿಂದ ಅದು ಸುಲಭವಾಗಿ ಹರಳುಗಟ್ಟುವುದಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದ ರವಿ ಆಚಾರ್ಯ, ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಸ್ಟರಕ್ ಮತ್ತು ಅವರ ಸಹೋದ್ಯೋಗಿಗಳು ಈ ಸರಪಳಿಗಳನ್ನು ಹತೋಟಿಯಲ್ಲಿಟ್ಟು, ವೃಷಣರೂಪದ ಹರಳುಗಳನ್ನು ಪಡೆದು, ೨೦೦೩ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದರ ಸೂಕ್ಷ್ಮತೆ ೨ ಆಂಗ್‌ಸ್ಟ್ರಮ್. ಆಂಗ್‌ಸ್ಟ್ರಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ.

ಆ ಚಿತ್ರದಲ್ಲಿ ಕಂಡದ್ದೇನು? ಅಣುವಿನ ಆಕಾರ ಅಂಡದಂತೆ. ಅದರ ಬಹುಭಾಗ ಸುರುಳಿಗಳಿಂದ ಕಟ್ಟಿದ್ದು. ಒಡಲಿನ ನಡುವೆ ಸುಮಾರು ೩೦ ಆಂಗ್‌ಸ್ಟ್ರಮ್ ಆಳದ ಕುಹರ. ಆ ಕುಹರದ ಒಳಗೆ ಎರಡು ಹಿಸ್ಟಿಡೀನ್ ಮತ್ತು ಒಂದು ಗ್ಲುಟಾಮಿಕ್ ಆಮ್ಲದ ಹಿಡಿತದಲ್ಲಿ ಸತುವಿನ ಅಯಾನು ಕುಳಿತಿದೆ. ಕುಹರದ ಬಾಯಿಗೆ ಮೂರು ಸುರುಳಿಗಳ ಮುಚ್ಚಳವಿದೆ. ಇದರಿಂದಲೇ ಚಿಕ್ಕ ಪೆಪ್ಟೈಡುಗಳು ಒಳಹೋಗುತ್ತವೆ, ದೊಡ್ಡ ಪ್ರೋಟೀನುಗಳು ಹೊರಗೆ ಉಳಿಯುತ್ತವೆ. ಒಳಗೆ ಎರಡು ಕ್ಲೋರೈಡ್ ಅಯಾನುಗಳೂ ಕಂಡವು. ೧೯೫೬ರ ಸುಮಾರಿನಲ್ಲಿ ಸ್ಕೆಗ್ಸ್ ಗಮನಿಸಿದ್ದ ಕ್ಲೋರೈಡಿನ ಅಗತ್ಯಕ್ಕೆ ಹೀಗೆ ಸುಮಾರು ಅರ್ಧ ಶತಮಾನದ ಬಳಿಕ ಒಂದು ಸ್ಥಾನ ದೊರೆಯಿತು.

ಇನ್ನೊಂದು ಸಂಗತಿ ನಮ್ಮ ವಿಚಾರಕ್ಕೆ ಹೆಚ್ಚು ಮುಖ್ಯವಾದದ್ದು. ಒಟ್ಟು ರಚನೆಯಲ್ಲಿ ಈ ಕಿಣ್ವ ಹಸುವಿನ ಕಾರ್ಬಾಕ್ಸಿಪೆಪ್ಟಿಡೇಸ್ ಎ ಕಿಣ್ವವನ್ನು ಹೋಲುತ್ತಿರಲಿಲ್ಲ. ಅದರ ಹೋಲಿಕೆ ನ್ಯೂರೊಲೈಸಿನ್ ಎಂಬ ಬೇರೊಂದು ಕಿಣ್ವದೊಡನೆ ಕಂಡುಬಂದಿತು. ಔಷಧಕ್ಕೆ ಮಾದರಿಯಾದದ್ದು ಅದರ ಬಂಧುವೇ ಆಗಿರಲಿಲ್ಲವೆಂಬುದು ಕ್ಯಾಪ್ಟೊಪ್ರಿಲ್ ತಯಾರಾದ ೨೮ ವರ್ಷಗಳ ಮೇಲೆ ನಿಶ್ಚಿತವಾಯಿತು.

೫. ಆಯ್ಕೆಯ ಪ್ರತಿಬಂಧದ ಪ್ರಶ್ನೆ

ಎರಡು ಖಂಡಗಳೂ ಒಂದೇ ಕೆಲಸವನ್ನು ಮಾಡುವುದಾಗಿದ್ದರೆ ಈ ಭೇದ ಕುತೂಹಲದ ವಿಷಯವಾಗಿ ಉಳಿಯುತ್ತಿತ್ತು. ವಾಸ್ತವದಲ್ಲಿ ಅವುಗಳ ನಡುವೆ ಒಂದು ಬಗೆಯ ಶ್ರಮವಿಭಾಗವಿದೆ. ಜೀವಂತ ದೇಹದಲ್ಲಿ ಆಂಜಿಯೋಟೆನ್ಸಿನ್ನಿನ ಪರಿವರ್ತನೆ ಬಹುಮಟ್ಟಿಗೆ ಅಂತ್ಯಖಂಡದ ಕೆಲಸ. ರಕ್ತಕಣಗಳ ಮೂಲಕೋಶಗಳ ವೃದ್ಧಿಯನ್ನು ಹತೋಟಿಯಲ್ಲಿಡುವ ಹಾಗೂ ಅಂಗಾಂಶಗಳು ನಾರುಗಟ್ಟಿ ಗಡುಸಾಗುವುದನ್ನು ತಡೆಯುವ ನಾಲ್ಕು ಅಮೈನೋ ಆಮ್ಲಗಳ ಒಂದು ಪೆಪ್ಟೈಡನ್ನು ಕತ್ತರಿಸುವುದು ಮುಖ್ಯವಾಗಿ ಆದಿಖಂಡ. ಆದಿಖಂಡವನ್ನು ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ ಈ ಪೆಪ್ಟೈಡ್ ಸಂಚಯವಾಯಿತು, ರಕ್ತದ ಒತ್ತಡ ಮಾತ್ರ ಯಥಾಸ್ಥಿತಿಯಲ್ಲಿತ್ತು. ಬ್ರಾಡಿಕೈನಿನ್ನನ್ನಾದರೋ ಎರಡು ಖಂಡಗಳೂ ಕತ್ತರಿಸುತ್ತವೆ.

ಈಗ ಬಳಕೆಯಲ್ಲಿರುವ ಔಷಧಗಳು ಎರಡು ಬಾಯಿಗಳನ್ನೂ ಒಟ್ಟಿಗೆ ಮುಚ್ಚುತ್ತವೆ. ಒತ್ತಡ ಇಳಿಯುತ್ತದೆ, ಲಕ್ಷಾಂತರ ಜನರ ಹೃದಯ ಮತ್ತು ಮೂತ್ರಪಿಂಡಗಳಿಗೆ ಇವುಗಳಿಂದ ರಕ್ಷಣೆ ಲಭಿಸಿದೆಯೆಂಬುದು ನಿರ್ವಿವಾದ. ಆದರೆ ಬ್ರಾಡಿಕೈನಿನ್ನನ್ನು ಕತ್ತರಿಸುವ ಎರಡು ದಾರಿಗಳೂ ಮುಚ್ಚಿಹೋಗುತ್ತವೆ. ಈ ಔಷಧಗಳನ್ನು ಸೇವಿಸುವವರಲ್ಲಿ ೧೦೦ಕ್ಕೆ ೫ರಿಂದ ೨೦ ಜನರನ್ನು ಕಾಡುವ ಒಣಕೆಮ್ಮಿಗೆ ಬ್ರಾಡಿಕೈನಿನ್ನಿನ ಸಂಚಯವೇ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಅಪರೂಪವಾಗಿ ಮುಖ, ನಾಲಿಗೆ, ಗಂಟಲುಗಳು ಊದಿಕೊಂಡು ಉಸಿರಿಗೇ ಅಪಾಯವೊದಗುತ್ತದೆ.

ಬ್ರಾಡಿಕೈನಿನ್ನಿನ ನಾಶಕ್ಕೆ ಇರುವ ದಾರಿಗಳನ್ನು ಇನ್ನೂ ಹೆಚ್ಚಾಗಿ ಮುಚ್ಚಿದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವಿದೆ. ಒಮಾಪಟ್ರಿಲಾಟ್ ಎಂಬ ಔಷಧ ಪರಿವರ್ತಕ ಕಿಣ್ವವನ್ನೂ ಬ್ರಾಡಿಕೈನಿನ್ನನ್ನು ಕತ್ತರಿಸುವ ನೆಪ್ರಿಲೈಸಿನ್ ಎಂಬ ಬೇರೊಂದು ಕಿಣ್ವವನ್ನೂ ಒಟ್ಟಿಗೆ ತಡೆಯುವಂತಹದು. ೨೫,೦೦೦ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದು ಎನಲಾಪ್ರಿಲ್‌ಗಿಂತ ಚೆನ್ನಾಗಿ ಒತ್ತಡವನ್ನು ಇಳಿಸಿತು. ಆದರೆ ಮೇಲೆ ಹೇಳಿದ ಊತ ಎನಲಾಪ್ರಿಲ್ ಪಡೆದವರಲ್ಲಿ ೧೦೦ಕ್ಕೆ ೦.೬೮ ಜನರಿಗೆ ಬಂದಿದ್ದರೆ, ಒಮಾಪಟ್ರಿಲಾಟ್ ಪಡೆದವರಲ್ಲಿ ೨.೧೭ ಜನರಿಗೆ ಬಂದಿತು. ಆ ಔಷಧ ಬಳಕೆಗೆ ಬರಲಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೇ ಆಯ್ಕೆಯ ಪ್ರತಿಬಂಧ. ಎರಡು ಬಾಯಿಗಳಲ್ಲಿ ಒಂದನ್ನು ಮಾತ್ರ ಮುಚ್ಚಿ ಇನ್ನೊಂದನ್ನು ತೆರೆದಿಡುವುದು ಅದರ ಗುರಿ. ಅಂತ್ಯಖಂಡವನ್ನು ಮಾತ್ರ ತಡೆದರೆ ಒತ್ತಡ ಇಳಿಯಬೇಕು; ಆದಿಖಂಡ ಬ್ರಾಡಿಕೈನಿನ್ನನ್ನು ಕತ್ತರಿಸುತ್ತಲೇ ಇರಬೇಕು. ಆದಿಖಂಡವನ್ನು ಮಾತ್ರ ತಡೆದರೆ ಒತ್ತಡವನ್ನು ಕದಲಿಸದೆ ಅಂಗಾಂಶಗಳು ನಾರುಗಟ್ಟುವುದನ್ನು ತಗ್ಗಿಸುವ ಆಸೆಯುಂಟು.

ಆದರೆ ಇಷ್ಟು ಸಮಾನವಾದ ಎರಡು ಕುಹರಗಳನ್ನು ಒಂದು ಚಿಕ್ಕ ಅಣು ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ಇಲ್ಲಿಯೇ ರಚನೆಯ ಜ್ಞಾನ ಅನಿವಾರ್ಯವಾಗುತ್ತದೆ. ಫ್ರಾನ್ಸಿನ ವಿನ್ಸೆಂಟ್ ಡೀವ್ ಮತ್ತು ಸಂಗಡಿಗರು ೧೯೯೯ರಲ್ಲಿ ಆರ್‌ಎಕ್ಸ್‌ಪಿ ೪೦೭ ಎಂಬ ಸಂಯುಕ್ತವನ್ನು ಪ್ರಕಟಿಸಿದರು. ಅನೇಕ ಸಂಯುಕ್ತಗಳನ್ನು ಪರೀಕ್ಷಿಸಿ ಆರಿಸಿದ ಇದು ಆದಿಖಂಡವನ್ನು ಅಂತ್ಯಖಂಡಕ್ಕಿಂತ ಬಹುಪಟ್ಟು ಬಲವಾಗಿ ಹಿಡಿಯುತ್ತದೆ. ಅನಂತರ ಅಂತ್ಯಖಂಡವನ್ನು ಅದೇ ರೀತಿ ಆರಿಸಿ ಹಿಡಿಯುವ ಆರ್‌ಎಕ್ಸ್‌ಪಿಎ ೩೮೦ ಬಂದಿತು. ಹಿಡಿಯುತ್ತವೆಯೆಂಬುದು ಮೊದಲು ತಿಳಿಯಿತು. ಏಕೆ ಹಿಡಿಯುತ್ತವೆಯೆಂಬುದು ೨೦೦೬ರಲ್ಲಿ ಆದಿಖಂಡದ ರಚನೆಯೂ ದೊರೆತು, ಈ ಸಂಯುಕ್ತಗಳು ಕುಹರಗಳಲ್ಲಿ ಕುಳಿತ ಹರಳುಗಳು ಸಿದ್ಧವಾದ ಮೇಲೆ ತಿಳಿಯಿತು. ಆದಿಖಂಡದ ೩೮೧ನೆಯ ಸ್ಥಾನದಲ್ಲಿ ಧನವಿದ್ಯುತ್ತುಳ್ಳ ಆರ್ಜಿನೀನ್ ಇದೆ. ಅಂತ್ಯಖಂಡದಲ್ಲಿ ಅದಕ್ಕೆ ಸಮನಾದ ಜಾಗದಲ್ಲಿ ಋಣವಿದ್ಯುತ್ತುಳ್ಳ ಗ್ಲುಟಾಮಿಕ್ ಆಮ್ಲವಿದೆ. ಆರ್‌ಎಕ್ಸ್‌ಪಿ ೪೦೭ರಲ್ಲಿರುವ ಋಣವಿದ್ಯುತ್ತಿನ ಗುಂಪಿಗೆ ಮೊದಲನೆಯದರಲ್ಲಿ ಆಕರ್ಷಣೆ, ಎರಡನೆಯದರಲ್ಲಿ ವಿಕರ್ಷಣೆ. ಕುಹರದ ಮತ್ತೊಂದು ಮೂಲೆಯಲ್ಲಿ ಅಂತ್ಯಖಂಡಕ್ಕೆ ನೀರನ್ನು ಒಲ್ಲದ ಎರಡು ವ್ಯಾಲೀನುಗಳಿವೆ. ಆದಿಖಂಡದಲ್ಲಿ ಅವುಗಳ ಜಾಗದಲ್ಲಿ ನೀರನ್ನು ಒಲಿಯುವ ಸೆರೀನ್ ಮತ್ತು ಥ್ರಿಯೋನೀನ್ ಇವೆ. ನೂರಾರು ಆಮ್ಲಗಳಿಂದ ಕಟ್ಟಿದ ಎರಡು ಮನೆಗಳನ್ನು ಗುರುತಿಸಲು ಇಂತಹ ಬೆರಳೆಣಿಕೆಯ ಭೇದಗಳೇ ಆಧಾರ. ಹಸುವಿನ ಕಿಣ್ವದ ಮಾದರಿಯನ್ನು ಎಷ್ಟು ಪರಿಷ್ಕರಿಸಿದ್ದರೂ ಇವು ಅದರಿಂದ ಹೊರಡುತ್ತಿರಲಿಲ್ಲ.

ಎರಡು ಖಂಡಗಳೂ ಕೂಡಿದ ಪೂರ್ಣ ಕಿಣ್ವದ ರಚನೆಯನ್ನು ೨೦೨೨ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಪ್ರಕಟಿಸಲಾಯಿತು. ಒಂದೇ ಖಂಡವನ್ನು ಆರಿಸಿ ತಡೆಯುವ ಔಷಧ ಯಾವುದೂ ಇನ್ನೂ ವೈದ್ಯರ ನಿತ್ಯದ ಬಳಕೆಗೆ ಬಂದಿಲ್ಲ. ಆ ಶೋಧನೆ ನಡೆಯುತ್ತಲಿದೆ.

೬. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಎರಡು ನಿರ್ಣಯಗಳನ್ನು ಹೊರಡಿಸಬಹುದು. ಮೊದಲನೆಯದು ಚರಿತ್ರೆಯ ತಿದ್ದುಪಡಿಗೆ ಸಂಬಂಧಿಸಿದ್ದು. ಕ್ಯಾಪ್ಟೊಪ್ರಿಲ್ ಪರಿವರ್ತಕ ಕಿಣ್ವದ ರಚನೆಯಿಂದ ಹುಟ್ಟಿದ್ದಲ್ಲ. ಹಾವಿನ ವಿಷದ ಸುಳಿವು ಮತ್ತು ಹಸುವಿನ ಕಿಣ್ವದ ಸಾದೃಶ್ಯ, ಇವೆರಡರ ಸಂಯೋಗದಿಂದ ಹುಟ್ಟಿದ್ದು. ಹೀಗೆ ಹೇಳುವುದರಿಂದ ಕುಶ್‌ಮನ್ ಮತ್ತು ಒಂಡೆಟ್ಟಿಯವರ ಪ್ರತಿಭೆಗೆ ಕುಂದಿಲ್ಲ. ನೋಡದ ಮನೆಗೆ ಬೀಗದ ಕೈಯನ್ನು ಮಾಡಿಕೊಟ್ಟವರ ಸಾಹಸ ನೋಡಿ ಮಾಡಿದವರದಕ್ಕಿಂತ ಹಿರಿದೆಂದೇ ಹೇಳಬೇಕು. ಸಾವೊ ಪೌಲೊದ ಪ್ರಯೋಗಶಾಲೆಯಲ್ಲಿ ಆರಂಭವಾದ ಕೆಲಸಕ್ಕೆ ಸಲ್ಲಬೇಕಾದ ಮಾನವೂ ಇದರಿಂದ ಸಲ್ಲುತ್ತದೆ.

ಎರಡನೆಯದು ಸಾದೃಶ್ಯದ ಬೆಲೆಯನ್ನು ಕುರಿತದ್ದು. ಸಾಮಾನ್ಯವಾದುದನ್ನು ಕಾಣಿಸುವ ಮಾದರಿ ವಿಶಿಷ್ಟವಾದುದನ್ನು ಮರೆಮಾಡುತ್ತದೆ. ಅದು ಫಲ ಕೊಟ್ಟಾಗಲಂತೂ ಮರೆಯಲ್ಲಿ ಏನಿದೆಯೆಂದು ಕೇಳುವ ಅಗತ್ಯವೇ ತೋರುವುದಿಲ್ಲ. ಈ ಕಿಣ್ವಕ್ಕೆ ಎರಡು ಬಾಯಿಗಳಿವೆಯೆಂದು ತಿಳಿಯದಿದ್ದಾಗ, ಯಾವ ಬಾಯಿಯನ್ನು ಮುಚ್ಚಬೇಕೆಂಬ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ. ಈಗ ಆ ಪ್ರಶ್ನೆ ಹುಟ್ಟಿದೆ. ಔಷಧವನ್ನು ನುಂಗಿ ರಾತ್ರಿಯೆಲ್ಲ ಕೆಮ್ಮುವ ರೋಗಿಗೆ ಅದರ ಉತ್ತರ ಬೇಕಾಗಿದೆ.